ಅಮಾನತ್ತಿನ ರೊಕ್ಕ

‘ಅಮಾನತ್ತು’ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳಿವೆ. ಒಬ್ಬನು ಇನ್ನೊಬ್ಬನಲ್ಲಿ ನಂಬಿ ಇರಿಸಿದ ಹಣ, ಒಡವೆ ಅಥವಾ ದಸ್ತಾವೇಜು ಎಂಬುದು ಮೊದಲನೆಯದು, ಮೂಲದ್ದು. ಅರಬ್ಬಿಯಿಂದ ಹೊರಟ ಈ ಮಾತನ್ನು ಕಲಬುರಗಿ ಸೀಮೆಯ ಹಿರಿಯರು ಇಂದಿಗೂ ಆ ಅರ್ಥದಲ್ಲಿಯೇ ಆಡುತ್ತಾರೆ. ನಿಜಾಮರ ಕಾಲದಲ್ಲಿ ಇಲ್ಲಿಯ ಕಚೇರಿಗಳ ಭಾಷೆ ಉರ್ದುವಾಗಿದ್ದುದರ ಗುರುತು ಅದು. ಎರಡನೆಯ ಅರ್ಥ ವೃತ್ತಪತ್ರಿಕೆಗಳ ಓದುಗರಿಗೆಲ್ಲ ಪರಿಚಿತ: ತಪ್ಪಿತಸ್ಥನನ್ನು ಕೆಲಸದಿಂದ ಕೆಲಕಾಲ ದೂರವಿಡುವುದು. ನಂಬಿಕೆಯನ್ನೂ ದಂಡನೆಯನ್ನೂ ಒಂದೇ ಮಾತು ಸೂಚಿಸುವಂತಾದುದು ಭಾಷೆಯ ಆಕಸ್ಮಿಕವಿರಬಹುದು. ಆದರೆ ವಕೀಲ ವೃತ್ತಿಯಲ್ಲಿ ಈ ಎರಡು ಅರ್ಥಗಳೂ ಮುಖಾಮುಖಿಯಾಗುತ್ತವೆ. ಕಕ್ಷಿದಾರನ ಅಮಾನತ್ತನ್ನು ನುಂಗಿದ ವಕೀಲನನ್ನು ಅವನ ವೃತ್ತಿಯವರೇ ಅಮಾನತ್ತಿನಲ್ಲಿಡುತ್ತಾರೆ. ಅದು ನ್ಯಾಯವೇ ಸರಿ. ಆದರೆ ವಕೀಲನು ಅಮಾನತ್ತಾದ ಮೇಲೆ ಕಕ್ಷಿದಾರನ ಅಮಾನತ್ತು ಎಲ್ಲಿಗೆ ಹೋಯಿತೆಂದು ಕೇಳುವವರು ವಿರಳ.

ಈ ಪ್ರಶ್ನೆ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ರೈತನಿಗೆ ಏಕೆ ಮುಖ್ಯವೆಂಬುದನ್ನು ಅರಿಯಲು ಅಲ್ಲಿಯ ನೀರಿನ ಚರಿತ್ರೆಯತ್ತ ಒಮ್ಮೆ ನೋಡಬೇಕು. ಆಳಂದ ತಾಲೂಕಿನ ಕೊರಳ್ಳಿಯ ಬಳಿ ಅಮರ್ಜಾ ನದಿಗೆ ಕಟ್ಟೆ ಬಿದ್ದಿತು. ಅದೇ ಅಮರ್ಜೆ ಕೆಳಗೆ ಹರಿದು ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಕೂಡುತ್ತಾಳೆ. ಆ ಭೀಮೆಗೆ ಅಫಜಲಪುರ ತಾಲೂಕಿನ ಸೊನ್ನದಲ್ಲಿ ಬ್ಯಾರೇಜು ಎದ್ದಿತು. ಜೇವರ್ಗಿಯ ಕಡೆಗೆ ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಎಡದಂಡೆ ಕಾಲುವೆಯ ಶಾಖೆ ಹರಿದು ಬಂದಿತು. ನೀರು ಬಂದುದು ಸಂತೋಷವೇ. ಆದರೆ ನೀರು ನಿಲ್ಲುವುದಕ್ಕೂ ಹರಿಯುವುದಕ್ಕೂ ನೆಲ ಬೇಕು. ತೊಗರಿ, ಜೋಳ ಬೆಳೆಯುತ್ತಿದ್ದ ಕರಿನೆಲವನ್ನು ಸರ್ಕಾರ ಸ್ವಾಧೀನಪಡಿಸಿಕೊಂಡಿತು. ತಲೆತಲಾಂತರದಿಂದ ಬೆಳೆಯ ರೂಪದಲ್ಲಿ ಮಾತ್ರ ಆದಾಯ ಕಂಡಿದ್ದ ಮನೆಗಳಿಗೆ ಜೀವಮಾನದಲ್ಲಿ ಒಮ್ಮೆ, ಒಂದೇ ಗಂಟಿನಲ್ಲಿ, ಹಣ ಬರುವ ಸಂದರ್ಭ ಹೀಗೆ ಒದಗಿತು.

ಆ ಹಣ ಒಂದೇ ಸಲಕ್ಕೆ ಬರುವುದಿಲ್ಲ. ಹಳೆಯ 1894ರ ಭೂಸ್ವಾಧೀನ ಕಾಯಿದೆಯಂತೆ, ಅಧಿಕಾರಿ ಗೊತ್ತುಮಾಡಿದ ಪರಿಹಾರವನ್ನು ರೈತನು ಆಕ್ಷೇಪಣೆಯೊಡನೆ ಪಡೆದು, ‘ಇದು ಸಾಲದು’ ಎಂದು 18ನೆಯ ಪ್ರಕರಣದ ಮೇರೆಗೆ ಅರ್ಜಿ ಕೊಡುತ್ತಿದ್ದನು. ಅದು ಸಿವಿಲ್ ನ್ಯಾಯಾಲಯಕ್ಕೆ ಹೋಗುತ್ತಿತ್ತು. ನ್ಯಾಯಾಲಯ ದರವನ್ನು ಹೆಚ್ಚಿಸಿದರೆ, ಹೆಚ್ಚಿದ ಮೊತ್ತದ ಮೇಲೆ ಶೇಕಡಾ 30ರಷ್ಟು ಸಮಾಧಾನಧನ. ಅದರ ಮೇಲೆ ಮೊದಲ ವರ್ಷ ಶೇಕಡಾ 9, ಅನಂತರ ಶೇಕಡಾ 15ರಂತೆ ಬಡ್ಡಿ. ಸರ್ಕಾರ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಹೋಗುವುದು, ತೀರ್ಪು ಬರುವುದು, ಹಣ ಜಮೆಯಾಗದಿದ್ದರೆ ರೈತನು ಅಮಲ್ಜಾರಿ ಅರ್ಜಿ ಹಾಕುವುದು ಎಂದು ವರ್ಷಗಳು ಉರುಳುವುವು. 2008ರಲ್ಲಿ ಕಲಬುರಗಿಗೆ ಉಚ್ಚ ನ್ಯಾಯಾಲಯದ ಸಂಚಾರಿ ಪೀಠವೂ 2013ರಲ್ಲಿ ಕಾಯಂ ಪೀಠವೂ ಬಂದುದರಿಂದ ಬೆಂಗಳೂರಿನ ಓಡಾಟ ತಪ್ಪಿತು, ಕಾಯುವುದು ತಪ್ಪಲಿಲ್ಲ. 2014ರ ಜನವರಿ 1ರಿಂದ ಹೊಸ ಕಾಯಿದೆ ಜಾರಿಗೆ ಬಂದಿದೆ. ಹಳೆಯ ಸ್ವಾಧೀನಗಳ ವ್ಯಾಜ್ಯಗಳು ಮಾತ್ರ ಹಳೆಯ ಹೆಸರಿನಲ್ಲಿಯೇ ಬಹುಕಾಲ ನಡೆದವು. ಬಡ್ಡಿ ಬೆಳೆದು ಬೆಳೆದು, ಎರಡನೆಯ ಗಂಟು ಎಷ್ಟೋ ಸಲ ಮೊದಲನೆಯದಕ್ಕಿಂತ ದೊಡ್ಡದಾಗುತ್ತದೆ. ಮೊದಲನೆಯದು ಸರ್ಕಾರದ ಕೈಯಿಂದ ರೈತನ ಕೈಗೆ ನೇರವಾಗಿ ಬರುವಂಥದು. ಎರಡನೆಯದು ನ್ಯಾಯಾಲಯದಲ್ಲಿ ಜಮೆಯಾಗಿ, ಅಲ್ಲಿಂದ ಹೊರಗೆ ಬರಬೇಕು.

ಹೊರಗೆ ಬರುವ ಆ ಬಾಗಿಲಿನ ಬಳಿ ವಕೀಲನು ನಿಂತಿದ್ದಾನೆ. ಮೊದಲ ದಿನವೇ ರೈತನು ಹೆಬ್ಬೆಟ್ಟು ಒತ್ತಿದ ವಕಾಲತ್ತಿನಲ್ಲಿ, ಕಕ್ಷಿದಾರನ ಪರವಾಗಿ ಹಣವನ್ನು ಪಡೆಯಲು ವಕೀಲನಿಗೆ ಅಧಿಕಾರವುಂಟೆಂಬ ಸಾಲು ಸಾಮಾನ್ಯವಾಗಿ ಅಚ್ಚಾಗಿಯೇ ಇರುತ್ತದೆ. ಅದನ್ನು ಓದಿ ಹೇಳಿದವರಿಲ್ಲ. ಕೇಳಿದ ರೈತನೂ ಇಲ್ಲ. ಹತ್ತು ವರ್ಷಗಳ ಮೇಲೆ ಆ ಸಾಲಿಗೆ ಜೀವ ಬರುತ್ತದೆ. ಜಮೆಯಾದ ಸುದ್ದಿ ವಕೀಲನಿಗೆ ಮೊದಲು ತಿಳಿಯುತ್ತದೆ. ರೈತನಿಗೆ ವಕೀಲನು ಹೇಳಿದಾಗ ತಿಳಿಯುತ್ತದೆ.

“ಸಾಹೇಬ್ರ, ನಮ್ಮ ರೊಕ್ಕ ಬಂತೇನ್ರಿ?”

“ಇನ್ನಾ ಬಂದಿಲ್ಲ ಕಾಕಾ. ಸರ್ಕಾರದ್ದು ಅದ, ತಡಾ ಆಗ್ತದ. ಮುಂದಿನ ತಾರೀಖಿಗಿ ಬರ್ರಿ.”

ನೂರಕ್ಕೆ ತೊಂಬತ್ತು ಸಲ ಈ ಉತ್ತರ ಸತ್ಯವೇ ಆಗಿರುತ್ತದೆ. ಸರ್ಕಾರದ ಹಣ ನಿಜವಾಗಿಯೂ ತಡವಾಗಿ ಬರುತ್ತದೆ. ಉತ್ತರ ಸುಳ್ಳಾದ ದಿನ ಅದು ಸುಳ್ಳೆಂದು ಅರಿಯುವ ಉಪಾಯ ಮಾತ್ರ ಕಾಕಾನಲ್ಲಿ ಇಲ್ಲ. ಎಲ್ಲ ಅನರ್ಥದ ಮೂಲ ಈ ಅಜ್ಞಾನದಲ್ಲಿದೆಯೇ ಹೊರತು ವಕೀಲರ ಜಾತಿಯೇ ಕೆಟ್ಟದ್ದೆಂಬ ಮಾತಿನಲ್ಲಿಲ್ಲ. ಕೋರ್ಟಿನ ಶುಲ್ಕವನ್ನು ತಮ್ಮ ಜೇಬಿನಿಂದ ಕಟ್ಟಿ, ತೊಗರಿಯ ಸುಗ್ಗಿಯವರೆಗೆ ಕಾದು ಪಡೆದ ವಕೀಲರು ಈ ತಾಲೂಕುಗಳಲ್ಲಿಯೂ ಇದ್ದಾರೆ. ಸೋತ ಸಿಟ್ಟಿನಲ್ಲಿ ವಕೀಲನ ಮೇಲೆ ಇಲ್ಲದ ದೂರು ಹೊರಿಸುವ ಕಕ್ಷಿದಾರರೂ ಇದ್ದಾರೆ.

ವೃತ್ತಿಯ ನಿಯಮಗಳು ಈ ವಿಷಯದಲ್ಲಿ ಮೌನವಾಗಿಲ್ಲ. 1961ರ ವಕೀಲರ ಕಾಯಿದೆಯ ಮೇರೆಗೆ ಭಾರತೀಯ ವಕೀಲರ ಪರಿಷತ್ತು ರಚಿಸಿದ ನಿಯಮಗಳಲ್ಲಿ ಕಕ್ಷಿದಾರನ ಹಣಕ್ಕೇ ಮೀಸಲಾದ ಒಂದು ಗುಚ್ಛವಿದೆ. ವಕೀಲನು ಲೆಕ್ಕವಿಡಬೇಕು, ಬಂದ ಹಣ ಶುಲ್ಕಕ್ಕೆ ಬಂದುದೇ, ಖರ್ಚಿಗೆ ಬಂದುದೇ ಎಂಬುದನ್ನು ಬರೆಯಬೇಕು, ಖರ್ಚಿಗೆ ಕೊಟ್ಟುದನ್ನು ಕಕ್ಷಿದಾರನ ಲಿಖಿತ ಒಪ್ಪಿಗೆಯಿಲ್ಲದೆ ಶುಲ್ಕಕ್ಕೆ ತಿರುಗಿಸಕೂಡದು. ಕಕ್ಷಿದಾರನ ಪರವಾಗಿ ಹಣ ಬಂದರೆ ಆ ಸಂಗತಿಯನ್ನು ಆದಷ್ಟು ಬೇಗ ಅವನಿಗೆ ತಿಳಿಸಬೇಕು. ಕೇಳಿದರೆ ಲೆಕ್ಕದ ಪ್ರತಿಯನ್ನು, ನಕಲಿನ ಖರ್ಚು ಪಡೆದು, ಕೊಡಬೇಕು. ಕೈಯಲ್ಲಿರುವ ಕಕ್ಷಿದಾರನ ಹಣವನ್ನು ಸಾಲವಾಗಿ ಮಾರ್ಪಡಿಸಿಕೊಳ್ಳಕೂಡದು. ‘ನಿನ್ನ ದುಡ್ಡು ನನ್ನ ಬಳಿಯೇ ಇರಲಿ, ಬಡ್ಡಿ ಕೊಡುತ್ತೇನೆ’ ಎಂಬ ಸವಿಮಾತಿಗೂ ಇಲ್ಲಿ ಎಡೆಯಿಲ್ಲ. ಈ ಕೊನೆಯ ನಿಯಮವನ್ನು ಬರೆದವರು ಲೋಕವನ್ನು ಬಲ್ಲವರೇ ಇರಬೇಕು.

ಆದರೂ ಒಂದು ಕೊರತೆ ಉಳಿದಿದೆ. ಅದನ್ನು ಕಾಣಲು ಇಂಗ್ಲೆಂಡಿನ ಪದ್ಧತಿಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ನ್ಯಾಯಾಲಯದಲ್ಲಿ ವಾದಿಸುವ ಬ್ಯಾರಿಸ್ಟರನು ಕಕ್ಷಿದಾರನ ಹಣವನ್ನು ಮುಟ್ಟುವುದಿಲ್ಲ. ಹಣ, ಕಾಗದಪತ್ರಗಳೆಲ್ಲ ಸಾಲಿಸಿಟರನ ವಶದಲ್ಲಿ. ನಮ್ಮ ತಾಲೂಕಿನ ಒಂದೇ ಕರಿಕೋಟು ಎರಡು ಕೆಲಸವನ್ನೂ ಮಾಡುತ್ತದೆ. ಸಾಲಿಸಿಟರರ ಸಂಘದ ಅಧ್ಯಕ್ಷನಾಗಿದ್ದವನೊಬ್ಬನೇ ಕಕ್ಷಿದಾರರ ಹಣ ನುಂಗಿ 1901ರಲ್ಲಿ ಸೆರೆಮನೆಗೆ ಹೋದುದನ್ನು ಕಂಡ ಆ ದೇಶ, ಉಪದೇಶದಿಂದ ಕೆಲಸವಾಗದೆಂದು ನಿಧಾನವಾಗಿಯಾದರೂ ಅರಿಯಿತು. 1933ರ ಶಾಸನದ ಬಲದಿಂದ, ಕಕ್ಷಿದಾರರ ಹಣವನ್ನು ಬ್ಯಾಂಕಿನಲ್ಲಿ ಬೇರೆಯದೇ ಖಾತೆಯಲ್ಲಿಡಬೇಕೆಂಬ ಲೆಕ್ಕದ ನಿಯಮಗಳು 1935ರಲ್ಲಿ ಬಂದವು. 1941ರ ಶಾಸನ ಇನ್ನೂ ಮುಂದೆ ಹೋಗಿ, ವೃತ್ತಿಯವರೆಲ್ಲ ವಂತಿಗೆ ತೆತ್ತು ಒಂದು ಪರಿಹಾರ ನಿಧಿಯನ್ನು ಕಟ್ಟುವಂತೆ ಮಾಡಿತು: ಒಬ್ಬನು ನುಂಗಿದರೆ ಉಳಿದವರು ತುಂಬಿಕೊಡಬೇಕು. ನಮ್ಮ ನಿಯಮಗಳು ಲೆಕ್ಕವಿಡು ಎನ್ನುತ್ತವೆ. ಬೇರೆ ಖಾತೆ ತೆರೆ ಎನ್ನುವುದಿಲ್ಲ. ಕರ್ನಾಟಕದಲ್ಲಿ 1983ರ ಶಾಸನದ ಮೇರೆಗೆ ವಕೀಲರ ಕಲ್ಯಾಣ ನಿಧಿ ಇದೆ. ಹೆಸರೇ ಹೇಳುವಂತೆ ಅದು ವಕೀಲರ ಕಲ್ಯಾಣಕ್ಕೆ. ಕಕ್ಷಿದಾರನ ಕಲ್ಯಾಣಕ್ಕೆ ಅಂಥದೊಂದಿಲ್ಲ.

ಹಾಗಾದರೆ ಹಣ ಕಳೆದುಕೊಂಡವನ ಗತಿ ಏನು? ಉತ್ತರಪ್ರದೇಶದ ಲಖೀಂಪುರ ಖೇರಿಯ ಒಬ್ಬ ವೃದ್ಧನ ಕಥೆ ಇದಕ್ಕೆ ನಿದರ್ಶನ. ಊರು ದೂರವಾದರೂ, ಕಥೆಯನ್ನು ಕೇಳಿದ ಅಫಜಲಪುರದ ರೈತನಿಗೆ ಅದು ನೆರೆಮನೆಯದೆಂದೇ ತೋರೀತು. ಶಿಸ್ತು ಸಮಿತಿಯೇ ವರ್ಣಿಸಿದಂತೆ ಅವನು ಮುದುಕ, ಅಸಹಾಯ, ಬಡವ, ನಿರಕ್ಷರಿ. ಸರ್ಕಾರ ಅವನ ಭೂಮಿಯನ್ನು ಸ್ವಾಧೀನಪಡಿಸಿಕೊಂಡು 8,118 ರೂಪಾಯಿ ಪರಿಹಾರವನ್ನು ನ್ಯಾಯಾಲಯದಲ್ಲಿ ಜಮೆ ಮಾಡಿತ್ತು. ಅವನ ವಕೀಲನು ಅರ್ಜಿ ಹಾಕಿ, 1987ರ ಸೆಪ್ಟೆಂಬರ್ 2ರಂದು ಆ ಹಣವನ್ನು ಪಡೆದನು. ಮುದುಕನಿಗೆ ಕೊಡಲಿಲ್ಲ, ಬಂದಿತೆಂದು ಹೇಳಲೂ ಇಲ್ಲ. ಬಹುಕಾಲದ ಮೇಲೆ ಸಂಗತಿ ತಿಳಿದು, ಕೇಳಿ ಕೇಳಿ ಸೋತು, ಅವನು 1988ರಲ್ಲಿ ರಾಜ್ಯದ ವಕೀಲರ ಪರಿಷತ್ತಿಗೆ ದೂರು ಕೊಟ್ಟನು. ನನ್ನ ಶುಲ್ಕ, ಖರ್ಚು ಕಳೆದು ಉಳಿದುದನ್ನು ಕೊಟ್ಟಿದ್ದೇನೆ ಎಂದು ವಕೀಲನ ಸಮಾಧಾನ. ಅಷ್ಟಕ್ಕೆ ನಿಂತಿದ್ದರೆ ಕಥೆ ಸಾಮಾನ್ಯವಾಗುತ್ತಿತ್ತು. ಕೆಲದಿನಗಳಲ್ಲೇ ಮುದುಕನ ಹೆಸರಿನಲ್ಲಿ ಒಂದು ಪ್ರಮಾಣಪತ್ರ ಪರಿಷತ್ತಿನ ಮುಂದೆ ಬಂದಿತು: ರಾಜಿಯಾಗಿದೆ, ದೂರು ಬೇಡ ಎಂದು. ಮುದುಕನು ತಾನು ಅಂಥದನ್ನು ಬರೆಸಿಯೇ ಇಲ್ಲವೆಂದನು. ಅದು ಸುಳ್ಳು ಪತ್ರವೆಂಬುದು ಸಿದ್ಧವಾಯಿತು. ಅಕ್ಷರ ಬಾರದವನ ಹಣವನ್ನು ಕದ್ದುದಲ್ಲದೆ ಅವನ ಹೆಬ್ಬೆಟ್ಟಿನ ಗೌರವವನ್ನೂ ಕದಿಯಲು ಹೊರಟ ಈ ಸಾಹಸಕ್ಕೆ ಬೇರೆ ಹೆಸರು ಕೊಡುವುದು ಕಷ್ಟ.

ದೂರು ಬಂದು ಒಂದು ವರ್ಷದೊಳಗೆ ರಾಜ್ಯ ಪರಿಷತ್ತು ಇತ್ಯರ್ಥ ಮಾಡದಿದ್ದರೆ ಪ್ರಕರಣ ತಾನಾಗಿಯೇ ಭಾರತೀಯ ಪರಿಷತ್ತಿಗೆ ಹೋಗಬೇಕೆಂಬುದು ಕಾಯಿದೆಯ ಕಟ್ಟಳೆ. ಈ ದೂರೂ ಹಾಗೆಯೇ ದೆಹಲಿಗೆ ಹೋಯಿತು. ಭಾರತೀಯ ಪರಿಷತ್ತು ವಕೀಲನನ್ನು ಮೂರು ವರ್ಷ ಅಮಾನತ್ತಿನಲ್ಲಿಟ್ಟಿತು. ಅದೂ ಹೆಚ್ಚಾಯಿತೆಂದು ಅವನು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದನು. ಅಲ್ಲಿ ಗಾಳಿ ತಿರುಗಿ ಬೀಸಿತು. ಶಿಕ್ಷೆಯನ್ನು ಹೆಚ್ಚಿಸಬಾರದೇಕೆಂದು ನ್ಯಾಯಾಲಯ ಅವನಿಗೇ ನೋಟೀಸು ಕೊಟ್ಟಿತು. ವಕೀಲನು ಮಾಡಬಹುದಾದ ಅಪಚಾರಗಳಲ್ಲಿ ಕಕ್ಷಿದಾರನ ಹಣವನ್ನು ನುಂಗುವುದು ಅತ್ಯಂತ ಘೋರವಾದವುಗಳಲ್ಲೊಂದೆಂದು ನ್ಯಾಯಮೂರ್ತಿ ಕೆ. ಟಿ. ಥಾಮಸ್ ಅವರು ಬರೆದರು. 2002ರ ಜನವರಿಯಲ್ಲಿ ಆ ವಕೀಲನ ಹೆಸರನ್ನು ಪಟ್ಟಿಯಿಂದಲೇ ತೆಗೆದುಹಾಕಲು ಆಜ್ಞೆಯಾಯಿತು. ಹಣ ಹೊರಬಂದ ದಿನದಿಂದ ಈ ತೀರ್ಪಿಗೆ ಹದಿನಾಲ್ಕು ವರ್ಷಕ್ಕೂ ಮೇಲೆ. 1987ರಲ್ಲಿಯೇ ಮುದುಕನೆನಿಸಿದ್ದವನು ಅವನು.

ಇಷ್ಟು ದೊಡ್ಡ ತೀರ್ಪು ಅಪರಾಧಿಯ ಸನದನ್ನು ಕಿತ್ತುಕೊಂಡಿತು, ಸರಿ. ಆದರೆ ಶಿಸ್ತಿನ ಅಧಿಕಾರದ ಮೂಲ ರೂಪವನ್ನು ನೋಡಿದರೆ, ಅದರ ಕೈಗೆ ಎಷ್ಟು ದೂರ ಚಾಚಲು ಸಾಧ್ಯವೆಂಬುದು ತಿಳಿಯುತ್ತದೆ. 1961ರ ಕಾಯಿದೆಯ 35ನೆಯ ಪ್ರಕರಣದಂತೆ ಮೂವರು ವಕೀಲರ ಶಿಸ್ತು ಸಮಿತಿ ದೂರನ್ನು ವಜಾ ಮಾಡಬಹುದು, ಛೀಮಾರಿ ಹಾಕಬಹುದು, ಕೆಲಕಾಲ ಅಮಾನತ್ತಿನಲ್ಲಿಡಬಹುದು, ಹೆಸರನ್ನು ತೆಗೆದುಹಾಕಬಹುದು. ‘ಹಣವನ್ನು ಹಿಂದಕ್ಕೆ ಕೊಡು’ ಎಂಬುದು ಆ ನಾಲ್ಕರಲ್ಲಿ ಇಲ್ಲ. ದಂಡನೆ ವೃತ್ತಿಯ ಮಾನವನ್ನು ಉಳಿಸಲೆಂದು ಹುಟ್ಟಿದ್ದು. ಮುದುಕನ 8,118 ರೂಪಾಯಿಯನ್ನು ಉಳಿಸಲೆಂದಲ್ಲ.

ಇದೇ ಸೀಮೆಯ ಒಬ್ಬ ಹಿರಿಯನ ನೆನಪು ಇಲ್ಲಿ ಬಾರದಿರದು. ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದವನು. ಕಲಬುರಗಿ ಜಿಲ್ಲೆಯ ಮರತೂರು ಅವನ ಊರೆಂದು ಪ್ರತೀತಿ. ಅವನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ, ನಂಬಿ ಇಟ್ಟ ಒಡವೆಯ ವಿಷಯಕ್ಕೇ ‘ಉಪನಿಧಿ’ ಎಂಬ ಸಣ್ಣ ಪ್ರಕರಣವೊಂದಿದೆ. ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ಇಟ್ಟ ವಸ್ತು ನಷ್ಟವಾದರೆ ಇಟ್ಟುಕೊಂಡವನು ಕೊಡಬೇಕಾಗಿಲ್ಲ. ಕೇಳಿದಾಗ ಕೊಡದೆ, ಆಮೇಲೆ ಅದು ನಷ್ಟವಾದರೆ ಅದರ ಬೆಲೆಯನ್ನೂ ಅಷ್ಟೇ ದಂಡವನ್ನೂ ತೆರಬೇಕು. ತನ್ನಿಚ್ಛೆಯಿಂದ ಅದನ್ನು ಬಳಸಿ ಬದುಕಿದವನಿಗೆ ದಂಡವೂ ಉಂಟು, ಆ ಒಡವೆಯನ್ನು ವೃದ್ಧಿಯೊಡನೆ ಹಿಂದಕ್ಕೆ ಕೊಡಿಸುವುದೂ ಉಂಟು. ದಂಡನೆ ಮತ್ತು ಮರಳಿಕೆ ಎರಡೂ ಒಂದೇ ಉಸಿರಿನಲ್ಲಿ, ಒಂದೇ ಸಭೆಯಲ್ಲಿ ಆಗಬೇಕೆಂಬುದು ಆ ಶಾಸ್ತ್ರದ ಅಭಿಪ್ರಾಯ. ಒಂಬೈನೂರು ವರ್ಷಗಳ ಹಿಂದಿನ ಸಮಾಜವನ್ನು ಎಲ್ಲದರಲ್ಲಿಯೂ ಮಾದರಿಯಾಗಿ ಹಿಡಿಯಬೇಕಾಗಿಲ್ಲ. ಈ ಒಂದು ವಿಷಯದಲ್ಲಿ ಮಾತ್ರ ಹಳಬರ ದೃಷ್ಟಿ ಹಣ ಕಳೆದುಕೊಂಡವನ ಮೇಲೆಯೂ ಇತ್ತು.

ನಮ್ಮ ಕಾಲದ ನ್ಯಾಯಾಧೀಶರಲ್ಲೊಬ್ಬರು ಈ ಎರಡನ್ನೂ ಕೂಡಿಸಲು ಒಮ್ಮೆ ಯತ್ನಿಸಿದರು. ಅದು 1978ರ ತೀರ್ಪು. ಬರೆದವರು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್. ತಮಿಳುನಾಡಿನ ವಕೀಲನೊಬ್ಬ ಕಿವಿ ಕೇಳದ ವೃದ್ಧನ ಮತ್ತು ಅವನ ಮುದಿ ಹೆಂಡತಿಯ ಪ್ರಾಮಿಸರಿ ನೋಟುಗಳನ್ನು ಪಡೆದು, 15,000 ಮತ್ತು 5,000 ರೂಪಾಯಿಗಳ ದಾವೆಗಳನ್ನು ಹೂಡಿದ್ದೇನೆಂದು ಸುಳ್ಳು ತಾರೀಖುಗಳನ್ನು ಹೇಳುತ್ತ ವಾಯಿದೆಯನ್ನು ದಾಟಿಸಿದ್ದನು. ರಾಜ್ಯ ಪರಿಷತ್ತು ಆರು ವರ್ಷದ ಅಮಾನತ್ತು ವಿಧಿಸಿತ್ತು; ಭಾರತೀಯ ಪರಿಷತ್ತು ಅದನ್ನು ಒಂದು ವರ್ಷಕ್ಕೆ ಇಳಿಸಿತು. ಕೃಷ್ಣ ಅಯ್ಯರರು ಆ ವಕೀಲನು ವಂಚಿತರಿಗೆ 2,500 ರೂಪಾಯಿ ಕೊಡಬೇಕೆಂದೂ ಕೆಲಕಾಲ ಬಡವರಿಗೆ ಉಚಿತ ಕಾನೂನು ನೆರವಿನ ಸೇವೆ ಸಲ್ಲಿಸಬೇಕೆಂದೂ ಷರತ್ತು ಹಾಕಿದರು. ಕಾಯಿದೆ ಇಂಥ ಶಿಕ್ಷೆಗೆ ಎಡೆಗೊಡುವುದೇ ಎಂದು ಪೀಠದಲ್ಲಿದ್ದ ಇನ್ನೊಬ್ಬ ನ್ಯಾಯಮೂರ್ತಿಗೆ ಸಂದೇಹವಿತ್ತು. ಸಂದೇಹಕ್ಕೆ ಕಾರಣವೂ ಇತ್ತು: 35ನೆಯ ಪ್ರಕರಣದ ನಾಲ್ಕು ಮಾತುಗಳಲ್ಲಿ ಇದು ಯಾವುದು? ಕಾಯಿದೆಯ ಆ ಮಾತುಗಳು ಇನ್ನೂ ನಾಲ್ಕಾಗಿಯೇ ಉಳಿದಿವೆ.

ಪರಿಹಾರದಲ್ಲಿ ಇಷ್ಟು ಪಾಲು ಎಂದು ವಕೀಲನು ಮೊದಲೇ ಮಾತಾಡಿಕೊಳ್ಳುವ ರೂಢಿಯೂ ಈ ಹಣದ ಜಗಳಗಳಿಗೆ ತೌರುಮನೆ. ಗೆದ್ದರೆ ಪಾಲು ಎಂಬ ಒಪ್ಪಂದವನ್ನು ನಿಯಮಗಳು ಒಪ್ಪುವುದಿಲ್ಲ. ರಸ್ತೆ ಅಪಘಾತದಲ್ಲಿ ಗಂಡನನ್ನು ಕಳೆದುಕೊಂಡ ತೆಲಂಗಾಣದ ಹೆಣ್ಣುಮಗಳೊಬ್ಬಳಿಂದ 10 ಲಕ್ಷ ರೂಪಾಯಿ ಶುಲ್ಕ ಪಡೆದ ವಕೀಲನು ಮತ್ತೆ 3 ಲಕ್ಷದ ಚೆಕ್ಕಿಗೆ ಸಹಿ ಹಾಕಿಸಿಕೊಂಡು, ಅದು ತಿರಸ್ಕೃತವಾದಾಗ ಅವಳ ಮೇಲೆಯೇ ಮೊಕದ್ದಮೆ ಹೂಡಿದ್ದನು. 2017ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಮೊಕದ್ದಮೆಯನ್ನು ರದ್ದುಪಡಿಸಿತು. ಪರಿಹಾರದ ಶೇಕಡಾವಾರು ಶುಲ್ಕ ಕೇಳುವುದು ವೃತ್ತಿಯ ಅಪಚಾರವೆಂದಿತು. ಆದರೂ ಊರ ಕಟ್ಟೆಯ ಮೇಲೆ ಶೇಕಡಾವಾರಿನ ಮಾತು ನಿಂತಿಲ್ಲ. ರೈತನಿಗೂ ಅದು ಹಿತವಾಗಿ ಕಾಣುತ್ತದೆ. ಇಂದು ಕೈಯಿಂದ ಕೊಡಬೇಕಾದುದೇನೂ ಇಲ್ಲವಲ್ಲ!

ಗ್ರಾಹಕ ವೇದಿಕೆಯ ಬಾಗಿಲೂ ಈಗ ಮುಚ್ಚಿದೆ. ಅದನ್ನು ಮುಚ್ಚಿಸಿದ ಪ್ರಕರಣದ ಬೀಜವೂ ಕಕ್ಷಿದಾರನ ಹಣವೇ ಎಂಬುದು ವಿಚಿತ್ರ. ದೆಹಲಿಯ ಒಬ್ಬ ಕಕ್ಷಿದಾರನಿಗೆ ಎದುರು ಪಕ್ಷದವನು ಕೊಟ್ಟ 20,000 ರೂಪಾಯಿಯ ಡ್ರಾಫ್ಟನ್ನೂ 5,000 ರೂಪಾಯಿಯ ಚೆಕ್ಕನ್ನೂ ವಕೀಲನು ಪಡೆದು ಕೊಡದೆ ಇಟ್ಟುಕೊಂಡನೆಂಬುದು ದೂರು. 2007ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ವಕೀಲರ ಸೇವೆಯೂ ತನ್ನ ವ್ಯಾಪ್ತಿಗೆ ಬರುವುದೆಂದಿತ್ತು. 2024ರ ಮೇ 14ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಇನ್ನುಳಿದವು ಎರಡು ದಾರಿಗಳು. ನಂಬಿಕೆದ್ರೋಹದ ಪೊಲೀಸು ದೂರು ಒಂದು. 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 316ನೆಯ ಪ್ರಕರಣ ಅದಕ್ಕೆ ಕಠಿನ ಶಿಕ್ಷೆಯನ್ನು ಹೇಳುತ್ತದೆ. ಹಣದ ವಸೂಲಿಗೆ ಸಿವಿಲ್ ದಾವೆ ಇನ್ನೊಂದು. ದಾವೆ ಹೂಡಬೇಕಾದರೆ ಮತ್ತೊಬ್ಬ ವಕೀಲ ಬೇಕು. ತಾಲೂಕಿನ ಸಣ್ಣ ಊರಿನಲ್ಲಿ ಆ ಮತ್ತೊಬ್ಬನು ಮೊದಲಿನವನೊಡನೆ ಒಂದೇ ಕೊಠಡಿಯಲ್ಲಿ ಕುಳಿತು ದಿನವೂ ಚಹಾ ಕುಡಿಯುವವನು.

ಆದುದರಿಂದ ದಂಡನೆಗಿಂತ ಹಣದ ದಾರಿಯನ್ನು ನೇರ ಮಾಡುವುದೇ ಹೆಚ್ಚು ಫಲಕಾರಿಯೆಂಬ ಅರಿವು ನ್ಯಾಯಾಲಯಗಳಿಗೂ ಬಂದಂತಿದೆ. ಅಪಘಾತದ ಪರಿಹಾರವನ್ನು ಹಕ್ಕುದಾರರ ಬ್ಯಾಂಕ್ ಖಾತೆಗೇ ನೇರವಾಗಿ ವರ್ಗಾಯಿಸಬೇಕೆಂದು 2025ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಭೂಮಿಯ ಪರಿಹಾರಕ್ಕೂ ಇದೇ ಕ್ರಮವನ್ನು ಎಲ್ಲೆಡೆ ಕಟ್ಟುನಿಟ್ಟಾಗಿ ಅನುಸರಿಸದಿರಲು ಸಕಾರಣವೇನೂ ಕಾಣದು. ರೈತನಿಗೂ ಇಂದು ಖಾತೆಯಿದೆ, ಕೈಯಲ್ಲಿ ಫೋನಿದೆ. ಜಮೆಯಾದ ಸುದ್ದಿ ವಕೀಲನ ಬಾಯಿಂದಲೇ ಬರಬೇಕೆಂಬ ಕಾಲ ಹೋಗಿದೆ. ಉಳಿದಿರುವ ಅಪಾಯವೆಂದರೆ ಸಹಿ ಹಾಕಿದ ಖಾಲಿ ಚೆಕ್ಕು. ಖಾತೆ ರೈತನದು, ಚೆಕ್ಕಿನ ಪುಸ್ತಕ ವಕೀಲನ ಮೇಜಿನಲ್ಲಿ ಎಂದಾದರೆ ಹಳೆಯ ಕಥೆಗೆ ಹೊಸ ಅಂಗಿ ತೊಡಿಸಿದಂತಾಯಿತು, ಅಷ್ಟೆ.

ಇಷ್ಟಾಗಿಯೂ ಮೋಸವಾದರೆ ರಾಜ್ಯ ವಕೀಲರ ಪರಿಷತ್ತು ಇರುವುದು ಬೆಂಗಳೂರಿನಲ್ಲಿ. ಆಳಂದದಿಂದ ಸುಮಾರು ಆರುನೂರು ಕಿಲೋಮೀಟರು. ವಿಚಾರಣೆಗೆ ಹೋಗಬೇಕಾದರೆ ಕಲಬುರಗಿಯಿಂದ ಒಂದು ರಾತ್ರಿಯ ರೈಲು. ದೂರುಗಳನ್ನು ವರ್ಷದೊಳಗೆ ಮುಗಿಸಬೇಕೆಂದು, ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲಿಯೇ, ಸರ್ವೋಚ್ಚ ನ್ಯಾಯಾಲಯ 2021ರ ಡಿಸೆಂಬರಿನಲ್ಲಿ ಪರಿಷತ್ತುಗಳಿಗೆ ಮತ್ತೊಮ್ಮೆ ನೆನಪಿಸಿದೆ. ದೂರನ್ನು ಬರೆಯಲು ತಾಲೂಕಿನ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯ ನೆರವನ್ನು ಕೇಳಬಹುದು. ಹೆಣ್ಣುಮಕ್ಕಳಿಗೂ ಪರಿಶಿಷ್ಟರಿಗೂ ಗೊತ್ತಾದ ವರಮಾನಕ್ಕಿಂತ ಕಡಮೆಯುಳ್ಳವರಿಗೂ ಅಲ್ಲಿ ವಕೀಲರ ಸೇವೆ ಉಚಿತ. ದೂರಿನೊಡನೆ ಇರಬೇಕಾದ ಕಾಗದಗಳು ಹೆಚ್ಚಿಲ್ಲ: ವಕಾಲತ್ತಿನ ನಕಲು, ಹಣ ಜಮೆಯಾದ ಆಜ್ಞೆಯ ದೃಢೀಕೃತ ಪ್ರತಿ, ಅದು ಹೊರಗೆ ಹೋದ ದಿನಾಂಕ, ಮತ್ತು ‘ನನ್ನ ಲೆಕ್ಕ ಕೊಡಿ’ ಎಂದು ವಕೀಲನಿಗೆ ಸ್ಪೀಡ್ ಪೋಸ್ಟಿನಲ್ಲಿ ಬರೆದ ಒಂದು ಪತ್ರದ ರಸೀದಿ.